ಗೂಡಿನ ಜೊತೆ ಊರು ಬಿಟ್ಟ ಪಾರಿವಾಳಗಳು

ಹಳೇ ದೆಹಲಿಯ ಜಾಮಾ ಮಸೀದಿ ಹಿಂದಿನ ಗಲ್ಲಿಗಳಲ್ಲಿ ಸಂಜೆ ತಲೆಯೆತ್ತಿ ನೋಡಿದರೆ ತಾರಸಿಗಳ ಮೇಲೆ ಪಾರಿವಾಳ ಹಾರಿಸುವವರು ಕಾಣುತ್ತಾರೆ. ಈ ಹುಚ್ಚಿಗೆ ಇಲ್ಲಿ ಕಬೂತರ್‌ಬಾಜಿ ಎನ್ನುತ್ತಾರೆ. ಅಕ್ಬರ್ ಇದನ್ನೇ ಇಶ್ಕ್‌ಬಾಜಿ, ಅಂದರೆ ಪ್ರೀತಿಯ ಆಟ ಎಂದು ಕರೆಯುತ್ತಿದ್ದ. ಶಾಲೆಯಲ್ಲಿ ನಾನು ಕಲಿತ ಅಕ್ಬರನ ಕಥೆಯಲ್ಲಿ ಪಾಣಿಪತ್ ಇತ್ತು, ಬೀರಬಲ್ ಇದ್ದ, ಪಾರಿವಾಳ ಇರಲಿಲ್ಲ. ದೆಹಲಿಗೆ ಬಂದ ಮೇಲೆ ಅಬುಲ್ ಫಜಲ್ ಬರೆದ ಐನ್-ಇ-ಅಕ್ಬರಿ ಓದಿದಾಗ ಅವು ಸಿಕ್ಕವು.

ಅಕ್ಬರ್ ಹುಟ್ಟಿದ್ದೇ ಊರು ಬಿಟ್ಟ ದಾರಿಯಲ್ಲಿ. ರಾಜ್ಯ ಕಳೆದುಕೊಂಡು ಅಲೆಯುತ್ತಿದ್ದ ಹುಮಾಯೂನನ ಮಗನಾಗಿ 1542ರಲ್ಲಿ ಸಿಂಧ್‌ನ ಉಮರ್‌ಕೋಟೆಯಲ್ಲಿ ಜನಿಸಿದ. ವರ್ಷ ತುಂಬಿದ ಸ್ವಲ್ಪ ದಿನಕ್ಕೇ ತಂದೆ ತಾಯಿ ಕೂಸನ್ನು ಹಿಂದೆಯೇ ಬಿಟ್ಟು ಇರಾನಿನತ್ತ ಓಡಬೇಕಾಯಿತು. ಚಿಕ್ಕಪ್ಪನ ಕೈಗೆ ಸಿಕ್ಕ ಮಗು ಕಂದಹಾರದಲ್ಲಿ ಬೆಳೆಯಿತು. ಸುಮಾರು ಎರಡು ವರ್ಷದ ಮೇಲೆ ಕಾಬೂಲಿನಲ್ಲಿ ಮತ್ತೆ ಹೆತ್ತವರ ಮುಖ ಕಂಡಿತು.

ಅಲ್ಲಿ ಅಕ್ಷರಾಭ್ಯಾಸಕ್ಕೆ ಜ್ಯೋತಿಷಿಗಳನ್ನು ಕೇಳಿ ಮುಹೂರ್ತ ಇಟ್ಟರು. ಗಳಿಗೆ ಬಂದಾಗ ಹುಡುಗನೇ ನಾಪತ್ತೆ! ಆಟಕ್ಕೆ ಹೋಗಿದ್ದ. ಮೊದಲ ಗುರುವೋ, ಸ್ವತಃ ಪಾರಿವಾಳದ ಹುಚ್ಚಿನವನು. ದೂರು ಹೋಗಿ ಆ ಗುರುವನ್ನು ತೆಗೆದರು, ಬೇರೆಯವರನ್ನು ನೇಮಿಸಿದರು. ಓದು ಮಾತ್ರ ಹತ್ತಲಿಲ್ಲ. ಮುಂದೆ ಬಾದಶಹನಾದಾಗಲೂ ಪುಸ್ತಕಗಳನ್ನು ಬೇರೆಯವರಿಂದ ಓದಿಸಿ ಕೇಳುತ್ತಿದ್ದ.

1556ರಲ್ಲಿ ಹುಮಾಯೂನ್ ದೆಹಲಿಯ ಪುರಾನಾ ಕಿಲಾದಲ್ಲಿ ಮೆಟ್ಟಿಲಿನಿಂದ ಬಿದ್ದು ಸತ್ತಾಗ ಅಕ್ಬರನಿಗೆ 13 ವರ್ಷ. ಮುಂದಿನ ಯುದ್ಧಗಳು ನಿಮಗೆ ಗೊತ್ತು. ದೊಡ್ಡವನಾದ ಮೇಲೆ ಒಂದು ಕಾಲಕ್ಕೆ ಪಾರಿವಾಳ ಹಾರಿಸುವುದನ್ನೇ ಬಿಟ್ಟಿದ್ದ. ಆಮೇಲೆ ಯೋಚಿಸಿ ಮತ್ತೆ ಶುರುಮಾಡಿದ ಎನ್ನುತ್ತಾನೆ ಅಬುಲ್ ಫಜಲ್. ಅಷ್ಟು ಜವಾಬ್ದಾರಿಯ ನಡುವೆ ಹುಡುಗಾಟಿಕೆಯ ಚಟಕ್ಕೆ ಹಿಂತಿರುಗಿದ ಈ ಅಕ್ಬರ್ ನನಗೆ ದಿಗ್ವಿಜಯದ ಅಕ್ಬರನಿಗಿಂತ ಹತ್ತಿರದವನು.

ಹಾಲುಸಹೋದರ ಅಜೀಜ್ ಕೋಕಾನ ಬಳಿಯಿದ್ದ ನೀಲಿ ಛಾಯೆಯ ಹಕ್ಕಿಯೊಂದು ಅವನ ಕೈಸೇರಿತು. ಹೆಸರು ಮೋಹನಾ. ಅಕ್ಬರನ ಆರೈಕೆಯಲ್ಲಿ ಅದು ಅರಮನೆಯ ಪಾರಿವಾಳಗಳಿಗೆಲ್ಲ ಮುಖ್ಯಸ್ಥನಾಯಿತು. ಅದರ ಸಂತಾನದಲ್ಲಿ ಒಂದಕ್ಕೆ ಅಶ್ಕಿ, ಅಂದರೆ ಅಳುವವ, ಇನ್ನೊಂದಕ್ಕೆ ಅಲ್ಮಾಸ್, ಅಂದರೆ ವಜ್ರ ಎಂದು ಹೆಸರಿಟ್ಟರು. ಆಸ್ಥಾನದಲ್ಲಿ 20,000ಕ್ಕೂ ಹೆಚ್ಚು ಪಾರಿವಾಳಗಳಿದ್ದವು, 500 ಖಾಸಾ, ಬಾದಶಹನ ಸ್ವಂತದವು. ಅಕ್ಕಿ, ಕಡಲೆಬೇಳೆ, ಹೆಸರುಬೇಳೆ, ಜೋಳ ಸೇರಿ ಏಳು ಬಗೆಯ ಧಾನ್ಯ ಬೆರೆಸಿ ಮೇವು ಹಾಕುತ್ತಿದ್ದರು. ಒಮ್ಮೆಗೆ 101 ಹಕ್ಕಿಗಳನ್ನು ಹಾರಿಬಿಡುತ್ತಿದ್ದರು, ರಾತ್ರಿಯಲ್ಲೂ ಹಾರುವಂತೆ ಪಳಗಿಸಿದ್ದರು.

ನಾನು ಎರಡೆರಡು ಸಲ ಓದಿದ ಸಂಗತಿ ಬೇರೆ. ಪಾರಿವಾಳಕ್ಕೆ ತನ್ನ ಗೂಡಿರುವ ಜಾಗ ಎಂದರೆ ಪ್ರಾಣ. ಎಷ್ಟು ದೂರ ಒಯ್ದು ಬಿಟ್ಟರೂ ಅಲ್ಲಿಗೇ ವಾಪಸು. ಅಕ್ಬರನಿಗೋ ನಿಂತ ಊರೇ ಇಲ್ಲ. ಆಗ್ರಾ, ಫತೇಪುರ್ ಸಿಕ್ರಿ, 1585ರಿಂದ ಲಾಹೋರ್, 1598ರಲ್ಲಿ ಮತ್ತೆ ಆಗ್ರಾ, ನಡುನಡುವೆ ದಂಡಯಾತ್ರೆ. ಬಿಡಾರ ಕಿತ್ತಾಗ ಆಳುಗಳು ಗೂಡುಗಳನ್ನು ಹೊತ್ತು ನಡೆಯುತ್ತಿದ್ದರು, ಪಾರಿವಾಳಗಳು ಮೇಲೆ ಹಾರುತ್ತ ಹಿಂಬಾಲಿಸುತ್ತಿದ್ದವು. ದಣಿದಾಗ ಇಳಿದು ಕೂರುತ್ತಿದ್ದವು, ಮತ್ತೆ ಏಳುತ್ತಿದ್ದವು. ಹಿಂದೆ ಉಳಿದ ಊರಿಗಲ್ಲ, ಮುಂದೆ ಸಾಗುವ ಗೂಡಿಗೆ ಅವು ಒಗ್ಗಿದ್ದವು. ಪುಣೆ, ಹೈದರಾಬಾದ್, ದೆಹಲಿ ಅಂತ ಮೂರು ಸಲ ಸಾಮಾನು ಕಟ್ಟಿದ ನಮ್ಮ ಮನೆಯಲ್ಲಿ ಇದನ್ನು ಓದಿ ಹೇಳಿದಾಗ ಹೆಂಡತಿ ನಗಲಿಲ್ಲ. ಆ ಹಕ್ಕಿಗಳನ್ನು ಕೇಳಿದವರು ಯಾರು ಅಂದಳು. ಐನ್‌ನಲ್ಲಿ ಅದಕ್ಕೆ ಉತ್ತರವಿಲ್ಲ.

ಅಕ್ಬರ್ 1605ರಲ್ಲಿ ಆಗ್ರಾದಲ್ಲಿ ತೀರಿಕೊಂಡ, ಸಮಾಧಿ ಪಕ್ಕದ ಸಿಕಂದ್ರಾದಲ್ಲಿದೆ. ಪಾರಿವಾಳಗಳ ಸುದ್ದಿ ಮಾತ್ರ ಇನ್ನೂ ದೂರ ಹೋಯಿತು. ತಳಿ ಬೆರೆಸಿ ಅವನು ಹಕ್ಕಿಗಳನ್ನು ಸುಧಾರಿಸಿದ ವಿಷಯವನ್ನು ಚಾರ್ಲ್ಸ್ ಡಾರ್ವಿನ್ 1859ರ ತನ್ನ ಪ್ರಸಿದ್ಧ ಗ್ರಂಥದ ಮೊದಲ ಅಧ್ಯಾಯದಲ್ಲೇ ಬರೆದ. ಆ ಹೊತ್ತಿಗೆ ಅವನೂ ಇಂಗ್ಲೆಂಡಿನ ತನ್ನ ಮನೆಯಲ್ಲಿ ಪಾರಿವಾಳ ಸಾಕಿದ್ದ.