ಕಸುಬನ್ನು ಕೇಳಿದ ವೈದ್ಯ

ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಶನ್ನಿನವರು ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಕೈಗಸುಬಿನ ನಾಡಿಗೆ ಯಂತ್ರವು ಬಂದಿತು. ಯಂತ್ರದೊಡನೆ ಅದರ ಸದ್ದೂ ಬಂದಿತು. ಎಡೆಬಿಡದ ಸದ್ದು ದುಡಿಯುವವನ ಶ್ರವಣಶಕ್ತಿಯನ್ನೇ ಅಪಹರಿಸಬಲ್ಲದೆಂಬುದನ್ನು ಅದಕ್ಕೂ 165 ವರ್ಷ ಮೊದಲೇ ಗ್ರಂಥದಲ್ಲಿ ನಿರೂಪಿಸಿದ ಮಹನೀಯರು ಇಟಲಿಯ ವೈದ್ಯ ಬರ್ನಾರ್ಡಿನೊ ರಮಾತ್ಸೀನಿಯವರು.

ಕಾರ್ಪಿ ಎಂಬ ಊರಿನಲ್ಲಿ 1633ರಲ್ಲಿ ಜನಿಸಿದ ಇವರು ಪಾರ್ಮಾ ನಗರದಲ್ಲಿ ವೈದ್ಯವಿದ್ಯೆಯನ್ನು ಪೂರೈಸಿ, ಮುಂದೆ ಮೊದೆನಾ ವಿದ್ಯಾಪೀಠದಲ್ಲಿ ಅಧ್ಯಾಪಕರಾದರು. ಒಮ್ಮೆ ಇವರ ಮನೆಯ ಮಲಗುಂಡಿಯನ್ನು ಶುಚಿಗೊಳಿಸುತ್ತಿದ್ದ ಕೆಲಸಗಾರನೊಬ್ಬನು ಬಹಳ ತ್ವರೆಪಡುತ್ತಿದ್ದನು. ಕಾರಣವನ್ನು ವಿಚಾರಿಸಲು, ಅಲ್ಲಿ ಹೆಚ್ಚು ಹೊತ್ತು ನಿಂತರೆ ಕಣ್ಣಿಗೆ ಕೇಡೆಂದು ಅವನಿಂದ ತಿಳಿಯಿತು. ಅಂದಿನಿಂದ ರಮಾತ್ಸೀನಿಯವರು ಕಸುಬುದಾರರ ಕುಲುಮೆ, ಕಮ್ಮಟಗಳಿಗೆ ತಾವೇ ಹೋಗಿ ಅವರ ಬೇನೆಗಳನ್ನು ಪರಿಶೀಲಿಸತೊಡಗಿದರು. ಆ ಪರಿಶ್ರಮದ ಫಲವಾಗಿ 1700ರಲ್ಲಿ ಕಸುಬುದಾರರ ರೋಗಗಳನ್ನು ಕುರಿತ ಅವರ ಗ್ರಂಥವು ಪ್ರಕಟವಾಯಿತು.

ವೆನಿಸ್ ನಗರದಲ್ಲಿ ತಾಮ್ರದ ಪಾತ್ರೆಗಳನ್ನು ಬಡಿದು ರೂಪಿಸುವವರು ಒಂದೇ ಕೇರಿಯಲ್ಲಿ ವಾಸವಾಗಿದ್ದರು. ದಿನವಿಡೀ ಸುತ್ತಿಗೆಯ ಸಪ್ಪಳದಲ್ಲಿ ಬಾಳುವ ಅವರ ಕಿವಿ ಮೊದಲು ಮಂದವಾಗಿ, ಮುಪ್ಪಿನಲ್ಲಿ ಪೂರ್ಣ ಕಿವುಡಾಗುವುದನ್ನು ಇವರು ಗುರುತಿಸಿದರು. ಕಿವಿಯ ತಮಟೆಗೆ ಬೀಳುವ ಪೆಟ್ಟೇ ಇದಕ್ಕೆ ಕಾರಣವೆಂದು ಇವರು ಎಣಿಸಿದ್ದರು. ಕೆಡುವುದು ಮುಖ್ಯವಾಗಿ ಒಳಗಿವಿಯಲ್ಲಿ ಶಂಖದಂತೆ ಸುರುಳಿಗೊಂಡ ಭಾಗದ ಸೂಕ್ಷ್ಮ ರೋಮಕೋಶಗಳೆಂದು ಅನಂತರದ ಶಾಸ್ತ್ರವು ಕಂಡುಕೊಂಡಿತು. 85 ಡೆಸಿಬೆಲ್‌ಗೆ ಮೀರಿದ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆಯಂತೆ ವರ್ಷಗಟ್ಟಲೆ ದುಡಿದರೆ ಅವು ನಶಿಸುವ ಅಪಾಯವುಂಟು. ಮನುಷ್ಯನಲ್ಲಿ ಒಮ್ಮೆ ನಶಿಸಿದ ರೋಮಕೋಶಗಳು ಮರಳಿ ಹುಟ್ಟವು. ಶ್ರವಣಯಂತ್ರವು ನೆರವಾದೀತೇ ಹೊರತು ಕಳೆದ ಶಕ್ತಿಯನ್ನು ತಂದುಕೊಡದು. ಆದುದರಿಂದ ಮುನ್ನೆಚ್ಚರಿಕೆಯೇ ನಿಜವಾದ ಮದ್ದು.

ರೋಗಿಯ ಬಳಿ ಕುಳಿತ ವೈದ್ಯನು ಬೇನೆಯ ಲಕ್ಷಣಗಳ ಜೊತೆಗೆ ಅವನ ಕಸುಬನ್ನೂ ಕೇಳಬೇಕೆಂಬುದು ರಮಾತ್ಸೀನಿಯವರು ವೈದ್ಯಲೋಕಕ್ಕೆ ಕಲಿಸಿದ ಪಾಠ. 1700ರಲ್ಲಿಯೇ ಪಾದುವಾ ವಿದ್ಯಾಪೀಠವನ್ನು ಸೇರಿದ ಇವರು ಮುಪ್ಪಿನಲ್ಲಿ ದೃಷ್ಟಿ ಕುಂದಿದರೂ ಬೋಧನೆಯನ್ನು ತೊರೆಯಲಿಲ್ಲ. 1713ರಲ್ಲಿ ಗ್ರಂಥವನ್ನು ವಿಸ್ತರಿಸಿ ಮರಳಿ ಪ್ರಕಟಿಸಿ, 1714ರ ನವೆಂಬರ್ 5ರಂದು ಕಾಲವಶರಾದರು.

ಕನ್ನಡ ನಾಡಿನಲ್ಲಿ ಶ್ರವಣದೋಷದ ಚಿಕಿತ್ಸೆ ಮತ್ತು ಅಧ್ಯಯನಕ್ಕಾಗಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1965ರಲ್ಲಿ ಸ್ಥಾಪಿತವಾಯಿತು. ಬಸವಾದಿ ಶರಣರು ಕಾಯಕವನ್ನು ಪೂಜೆಯ ಎತ್ತರಕ್ಕೇರಿಸಿದರು. ಕಾಯಕವನ್ನು ಗೌರವಿಸುವ ಸಮಾಜವು ಕಾಯಕಜೀವಿಯ ಕಿವಿಯನ್ನೂ ಕಾಪಾಡಬೇಕು. ದುಡಿಮೆಗೆ ಕೂಲಿಯನ್ನು ಕೊಟ್ಟೆವೆಂದ ಮಾತ್ರಕ್ಕೆ ಕಳೆದುಹೋದ ಶ್ರವಣದ ಋಣವು ತೀರುವುದಿಲ್ಲ.