ಹುಡುಗರಿಗೆ ಬಣ್ಣ ಹಚ್ಚಿಸಿದ ಗುಬ್ಬಿ ವೀರಣ್ಣ

ನಮ್ಮೂರು ಮಳವಳ್ಳಿ ತಾಲ್ಲೂಕಿನಲ್ಲಿದೆ. ಹಬ್ಬಕ್ಕೆ ‘ಕುರುಕ್ಷೇತ್ರ’ ನಾಟಕ ಆಗಲೇಬೇಕು. ಕಳೆದ ವರ್ಷ ನಡುರಾತ್ರಿ ಅಭಿಮನ್ಯು ರಂಗಕ್ಕೆ ಬಂದಾಗ ನನ್ನ ಓರಗೆಯವರೆಲ್ಲ ಮೊಬೈಲ್ ಹಿಡಿದು ಜಗಲಿ ಸೇರಿದ್ದರು. ಅಭಿಮನ್ಯುವಿಗೆ ಐವತ್ತು ದಾಟಿತ್ತು! ನಾನೂ ನಕ್ಕೆ. ಆಮೇಲೆ ಕಾರಣ ತಿಳಿಯಿತು. ನಮ್ಮ ಕಡೆ ಪಾತ್ರ ಬೇಕೆಂದರೆ ಹಣ ಕಟ್ಟಬೇಕು. ಸೀನರಿ, ಮೈಕ್‌ಸೆಟ್, ಹಾರ್ಮೋನಿಯಂ ಮೇಷ್ಟ್ರ ಖರ್ಚೆಲ್ಲ ಅದರಿಂದಲೇ ಹುಟ್ಟಬೇಕು. ಓದುವ ಹುಡುಗ ಎಲ್ಲಿಂದ ತಂದಾನು?

ಮದ್ದೂರು ಹಾದು ಮಂಡ್ಯದ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಗುಬ್ಬಿ ವೀರಣ್ಣನವರ ಬಗ್ಗೆ ಓದತೊಡಗಿದೆ. 1891ರಲ್ಲಿ ಹುಟ್ಟಿದ ಅವರು ಬಾಲ್ಯದಲ್ಲೇ ಗುಬ್ಬಿ ಕಂಪನಿ ಸೇರಿದರು. 1884ರಲ್ಲಿ ಆರಂಭವಾಗಿದ್ದ ಆ ಕಂಪನಿಗೆ ಮುಂದೆ ಅವರೇ ಮಾಲೀಕರಾದರು. ‘ಸದಾರಮೆ’ಯ ಕಳ್ಳನಾಗಿ ನಾಡನ್ನೆಲ್ಲ ನಗಿಸಿದರು. ಗಂಡಸರೇ ಹೆಣ್ಣು ವೇಷ ಹಾಕುತ್ತಿದ್ದ ಕಾಲದಲ್ಲಿ ಹೆಣ್ಣುಮಕ್ಕಳನ್ನು ರಂಗಕ್ಕೆ ತಂದರು. ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ, ಕುದುರೆಗಳನ್ನೇ ಬಳಸಿದರು. ಸಿನಿಮಾ ಬಂದಾಗ ಬೈಯುತ್ತ ಕೂರದೆ ತಾವೂ ಚಿತ್ರ ತೆಗೆದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ವಿಷಯ. ಅವರ ಕಂಪನಿಯಲ್ಲಿ ಹುಡುಗರಿಗೆ ಊಟ ಹಾಕಿ ಹಾಡು, ಅಭಿನಯ ಕಲಿಸುತ್ತಿದ್ದರು. ಅಲ್ಲಿ ಪಳಗಿದ ಮುತ್ತುರಾಜ್ 1954ರ ‘ಬೇಡರ ಕಣ್ಣಪ್ಪ’ದಿಂದ ರಾಜ್‌ಕುಮಾರ್ ಆದರು. ಮನೆ ಬಿಟ್ಟು ಬಂದಿದ್ದ ಬಿ.ವಿ. ಕಾರಂತರನ್ನು ವೀರಣ್ಣನವರು ಕಾಶಿಗೆ ಕಳುಹಿಸಿ ಓದಿಸಿದರು. ಅದೇ ಕಾರಂತರು 1989ರಲ್ಲಿ ಶುರುವಾದ ಮೈಸೂರಿನ ರಂಗಾಯಣದ ಮೊದಲ ನಿರ್ದೇಶಕರಾದರು. ಅದನ್ನು ನೋಡಲು ವೀರಣ್ಣನವರು ಇರಲಿಲ್ಲ. ಪದ್ಮಶ್ರೀ ಬಂದ 1972ರಲ್ಲೇ ಅವರು ತೀರಿಕೊಂಡಿದ್ದರು.

ಹುಡುಗರು ನಾಟಕಕ್ಕೆ ಬರುವುದಿಲ್ಲ ಎಂಬ ಕೊರಗು ಮಂಡ್ಯದ ಕಲಾಮಂದಿರದಿಂದ ನಮ್ಮೂರ ಅರಳಿಕಟ್ಟೆಯವರೆಗೂ ಇದೆ. ವೀರಣ್ಣನವರು ಹುಡುಗರನ್ನು ಕರೆದದ್ದು ಬರೀ ನೋಡುವುದಕ್ಕಲ್ಲ, ಆಡುವುದಕ್ಕೆ. ದುರ್ಯೋಧನನ ಪಾತ್ರ ಮಾಡುವ ಚಿಕ್ಕಪ್ಪನಿಗೆ ಇದನ್ನೇ ಹೇಳಿ, ಈ ಸಲ ಅಭಿಮನ್ಯುವಿನ ಪಾತ್ರವನ್ನು ಹಣ ಕೇಳದೆ ಹುಡುಗರಿಗೆ ಬಿಡಿ ಎಂದೆ. ಮೂರು ದಿನ ಮಾತಾಡಿ ಊರವರು ಒಪ್ಪಿದರು. ಆ ಖರ್ಚನ್ನು ಉಳಿದ ಪಾತ್ರಧಾರಿಗಳು ಹಂಚಿಕೊಳ್ಳುತ್ತಾರೆ. ಕೇಳಿದವನೇ ಮಾಡಲಿ ಎಂದು ಪಾತ್ರ ನನ್ನ ತಲೆಗೇ ಬಂತು. ಚಿಕ್ಕಪ್ಪನ ಷರತ್ತು ಒಂದೇ, ಯಾವ ಸಬ್ಜೆಕ್ಟೂ ಬಾಕಿ ಉಳಿಯಬಾರದು.

ಈಗ ಹಗಲು ಸೆಮಿಸ್ಟರ್ ಓದು, ರಾತ್ರಿ ಮೇಷ್ಟ್ರ ಹಾರ್ಮೋನಿಯಂ ಮುಂದೆ ತಾಲೀಮು. ಶ್ರುತಿ ಇನ್ನೂ ಸೇರಿಲ್ಲ. ಆದರೆ ಗೇಲಿ ಮಾಡಲು ಬಂದ ಗೆಳೆಯರಲ್ಲಿ ಇಬ್ಬರು, ಲೈಟಿಂಗ್ ಕೆಲಸ ನಮಗೆ ಕೊಡಿಸು ಎಂದು ಕೇಳಿ ಹೋಗಿದ್ದಾರೆ.