ಭಾನುವಾರ ಸೀಟಿ ಊದಿದ ಮೇಷ್ಟ್ರು

ಈ ತಿಂಗಳ ಗೋಡೆ ಪತ್ರಿಕೆಗೆ ಮಹನೀಯರೊಬ್ಬರ ಜೀವನ ಬರೆದುಕೊಡಬೇಕೆಂದು ಕನ್ನಡ ಮೇಷ್ಟ್ರು ನನಗೆ ಹೇಳಿದರು. ಗಾಂಧೀಜಿ, ವಿಶ್ವೇಶ್ವರಯ್ಯ ಇಬ್ಬರೂ ಆಗಲೇ ಬಂದುಹೋಗಿದ್ದಾರೆ. ನಾನು ಎರಿಕ್ ಲಿಡೆಲ್ ಎಂಬ ಓಟಗಾರರನ್ನು ಆರಿಸಿಕೊಂಡೆ. ಅದಕ್ಕೆ ಕಾರಣ ಇದೆ.

ಹೋದ ವರ್ಷ ಹೋಬಳಿ ಮಟ್ಟದ ಕಬಡ್ಡಿಯಲ್ಲಿ ಏನಾಯ್ತು ಅಂತ ನಿಮಗೆಲ್ಲ ಗೊತ್ತು. ಒಂದೇ ಒಂದು ಪಾಯಿಂಟಿಗಾಗಿ ಎರಡೂ ಕಡೆಯ ದೊಡ್ಡವರು ಅಂಪೈರ್ ಮೇಲೆ ಏರಿಹೋದರು. ಕೊರಳಪಟ್ಟಿ ಹಿಡಿಯುವುದೊಂದು ಬಾಕಿ. ಆಡುವ ಹುಡುಗರು ನಾವು ಮಣ್ಣು ಕೆರೆಯುತ್ತಾ ನಿಂತಿದ್ದೆವು. ನಮ್ಮನ್ನು ಯಾರೂ ಕೇಳಲಿಲ್ಲ. ಕೊನೆಗೆ ಆಟವೇ ನಿಂತುಹೋಯಿತು.

ಈಗ ಲಿಡೆಲ್ ಅವರ ವಿಷಯಕ್ಕೆ ಬರುತ್ತೇನೆ.

ಅವರು ಹುಟ್ಟಿದ್ದು 1902ರ ಜನವರಿ 16ರಂದು, ಚೀನಾ ದೇಶದ ಟಿಯಾಂಜಿನ್ ಪಟ್ಟಣದಲ್ಲಿ. ತಂದೆ ತಾಯಿ ಸ್ಕಾಟ್ಲೆಂಡಿನವರು, ಕ್ರೈಸ್ತ ಧರ್ಮಪ್ರಚಾರಕ್ಕೆ ಅಲ್ಲಿಗೆ ಹೋಗಿದ್ದರು. ಓದಿದ್ದು ಇಂಗ್ಲೆಂಡ್ ಮತ್ತು ಎಡಿನ್‌ಬರೋದಲ್ಲಿ. ರಗ್ಬಿಯಲ್ಲಿ ಸ್ಕಾಟ್ಲೆಂಡ್ ಪರವಾಗಿ ಆಡಿದ್ದರು. ಓಟದಲ್ಲಂತೂ ಬಿರುಗಾಳಿ. ಓಟ ಶುರುವಾಗುವ ಮುಂಚೆ ಎದುರಾಳಿಗಳ ಹತ್ತಿರ ಹೋಗಿ ಎಲ್ಲರ ಕೈ ಕುಲುಕುತ್ತಿದ್ದರು. ಆಗೆಲ್ಲ ಕಾಲೂರಲು ಓಟಗಾರರೇ ನೆಲದಲ್ಲಿ ಗುಳಿ ತೋಡಿಕೊಳ್ಳಬೇಕಿತ್ತು. ತಮ್ಮ ಕರಣೆಯನ್ನು ಬೇರೆಯವರಿಗೂ ಕೊಡುತ್ತಿದ್ದರಂತೆ!

1924ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್. 100 ಮೀಟರ್ ಓಟ ಅವರದೇ ಎಂದು ಜನ ನಂಬಿದ್ದರು. ಆದರೆ ಅದರ ಮೊದಲ ಸುತ್ತು ಭಾನುವಾರ ಬಿತ್ತು. ಭಾನುವಾರ ದೇವರ ದಿನ, ಆ ದಿನ ಆಟ ಆಡಬಾರದೆಂಬುದು ಅವರ ನೇಮ. ಎಷ್ಟು ಒತ್ತಾಯ ಬಂದರೂ ಓಡಲಿಲ್ಲ. ಅದರ ಬದಲು 400 ಮೀಟರ್ ಓಡಿ, 47.6 ಸೆಕೆಂಡಿನಲ್ಲಿ ಮುಗಿಸಿ ಚಿನ್ನ ಗೆದ್ದರು. 200 ಮೀಟರಿನಲ್ಲಿ ಕಂಚು ಬಂತು. ಇವರ ಕಥೆ 1981ರಲ್ಲಿ ಸಿನಿಮಾ ಕೂಡ ಆಯಿತು. ಹೆಚ್ಚಿನವರು ಅವರ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಹಿಡಿಸಿದ್ದು ಇದರ ಮುಂದಿನದು.

ಮರುವರ್ಷವೇ ಅವರು ಚೀನಾಕ್ಕೆ ವಾಪಸು ಹೋಗಿ ಟಿಯಾಂಜಿನ್‌ನಲ್ಲಿ ಮೇಷ್ಟ್ರಾದರು. ವಿಜ್ಞಾನ ಪಾಠ ಮಾಡುವುದು, ಹುಡುಗರಿಗೆ ಆಟ ಕಲಿಸುವುದು. ಆಮೇಲೆ ಜಪಾನಿನೊಂದಿಗೆ ಯುದ್ಧ ಬಂತು. 1941ರಲ್ಲಿ ಬಸುರಿ ಹೆಂಡತಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕೆನಡಾಕ್ಕೆ ಕಳಿಸಿ ತಾವು ಉಳಿದುಕೊಂಡರು. ಮೂರನೇ ಮಗಳ ಮುಖವನ್ನು ಅವರು ನೋಡಲೇ ಇಲ್ಲ. 1943ರಲ್ಲಿ ಜಪಾನಿ ಸೈನಿಕರು ಬೇರೆ ವಿದೇಶಿಯರ ಜೊತೆ ಅವರನ್ನೂ ವೈಷಿಯೆನ್ ಎಂಬಲ್ಲಿ ಕೂಡಿಹಾಕಿದರು. ಇಕ್ಕಟ್ಟಾದ ಜಾಗ, 1,500ಕ್ಕೂ ಹೆಚ್ಚು ಜನ, ಹೊಟ್ಟೆತುಂಬ ಊಟ ಇಲ್ಲ. ತಂದೆ ತಾಯಿ ಜೊತೆಗಿಲ್ಲದ ಶಾಲಾ ಮಕ್ಕಳೂ ಅಲ್ಲಿದ್ದರು. ಅವರಿಗೆಲ್ಲ ಇವರು ಎರಿಕ್ ಮಾಮ.

ಮಾಮ ಮಕ್ಕಳಿಗೆ ಪಾಠ ಹೇಳಿದರು, ಆಟ ಏರ್ಪಡಿಸಿದರು. ಮುರಿದ ಹಾಕಿ ಕೋಲುಗಳಿಗೆ ತಮ್ಮ ಬಟ್ಟೆ ಹರಿದು ಸುತ್ತಿ, ಅಂಟು ಹಾಕಿ ರಿಪೇರಿ ಮಾಡಿದರು. ಭಾನುವಾರ ಮಾತ್ರ ಆಟ ಇಲ್ಲ. ಆದರೆ ಬೇಲಿಯೊಳಗಿನ ಮಕ್ಕಳಿಗೆ ಭಾನುವಾರ ಕಳೆಯುವುದೇ ಕಷ್ಟ. ಒಂದು ಭಾನುವಾರ ಹುಡುಗರೂ ಹುಡುಗಿಯರೂ ಎದುರುಬದುರಾಗಿ ತಾವೇ ಹಾಕಿ ಆಡಿದರು. ರೆಫರಿ ಇಲ್ಲ. ಆಟ ಹೊಡೆದಾಟದಲ್ಲಿ ಮುಗಿಯಿತು.

ಮುಂದಿನ ಭಾನುವಾರ ಲಿಡೆಲ್ ತಾವೇ ಮೈದಾನಕ್ಕೆ ಬಂದು ರೆಫರಿಯಾಗಿ ನಿಂತರು. ಒಲಿಂಪಿಕ್ ಓಟಕ್ಕಾಗಿ ಬಿಡದಿದ್ದ ನೇಮವನ್ನು ಮಕ್ಕಳು ಬಡಿದಾಡಬಾರದೆಂದು ಬಿಟ್ಟರು. ಇದನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ದೊಡ್ಡವರು ನೇಮ ಬಿಡೋದು ಅಂದ್ರೆ ಸುಲಭವಲ್ಲ. ನಮ್ಮ ಮನೆಯ ಅಜ್ಜಿ ಏಕಾದಶಿಯ ಉಪವಾಸ ಬಿಡುವುದನ್ನು ನಾನು ಊಹಿಸಲೂ ಆರೆ.

1945ರ ಚಳಿಗಾಲದಲ್ಲಿ ಅಲ್ಲಿನ ಹುಡುಗನೊಬ್ಬನಿಗೆ ಹಾಕಲು ಬೂಟು ಇರಲಿಲ್ಲ. ಲಿಡೆಲ್ ತಮ್ಮ ಹಳೆಯ ಓಟದ ಬೂಟುಗಳನ್ನೇ ಹೊಲಿದು ಸರಿಮಾಡಿ ಅವನಿಗೆ ಕೊಟ್ಟರು. ಕೆಲವೇ ವಾರಗಳಲ್ಲಿ, ಫೆಬ್ರವರಿ 21ರಂದು, ಮಿದುಳಿನ ಗೆಡ್ಡೆಯಿಂದ ತೀರಿಕೊಂಡರು. ಆಗ ಅವರಿಗೆ ಬರೀ 43 ವರ್ಷ. ಅದೇ ಆಗಸ್ಟ್‌ನಲ್ಲಿ ಉಳಿದವರಿಗೆಲ್ಲ ಬಿಡುಗಡೆಯಾಯಿತು.

ಶನಿವಾರ ಆರನೇ, ಏಳನೇ ತರಗತಿಯವರ ಕಬಡ್ಡಿಗೆ ಸೀಟಿ ಊದುವ ಕೆಲಸ ನನಗೆ ಬಂದಿದೆ. ಅದಕ್ಕೂ ಮೊದಲು ಒಂದು ಮಾತು ಬರೆಯಬೇಕು. ಹೋದ ವರ್ಷ ಆ ಪಾಯಿಂಟಿನಲ್ಲಿ ರೈಡಿಗೆ ಬಂದವನು ಮುಟ್ಟಿದ್ದು ನನ್ನ ಹಿಮ್ಮಡಿಯನ್ನು. ಮುಟ್ಟಿದ್ದು ನಿಜ, ನಾನು ಔಟಾಗಿದ್ದೆ. ದೊಡ್ಡವರು ಕೂಗಾಡುತ್ತಿದ್ದಾಗ ಹೇಳಲು ಬಾಯಿ ಬರಲಿಲ್ಲ. ಆ ಶಾಲೆಯವರು ಯಾರಾದರೂ ಈ ಕಡೆ ಬಂದರೆ ದಯವಿಟ್ಟು ಇದನ್ನು ತೋರಿಸಿ.

— 9ನೇ ತರಗತಿಯ ವಿದ್ಯಾರ್ಥಿ